ಪೇಟೆಯೊಳಗೆ ಮಾತ್ರ ಓಡಿಸುವವರು ಬಿಎಸ್-6 ಡೀಸೆಲ್ ಕಾರು ಕೊಳ್ಳುವ ಮುಂಚೆ ಇದನ್ನು ಓದಿ

2024ರ ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಅಮ್ಮನನ್ನು ಕಣ್ಣಿನ ತಪಾಸಣೆಗೆಂದು ಚಿಕ್ಕಮಗಳೂರಿನಿಂದ ಹಾಸನಕ್ಕೆ ಕರೆದುಕೊಂಡು ಹೊರಟಿದ್ದೆ. ಬೇಲೂರು ದಾಟಿ ಹಗರೆ ಹತ್ತಿರ ಬರುವಷ್ಟರಲ್ಲಿ ಕಾರು ಎಳೆಯುವುದನ್ನೇ ಬಿಟ್ಟಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ 40ರ ಮೇಲೆ ಹೋಗಲಿಲ್ಲ. ಮೀಟರ್ ಬೋರ್ಡಿನಲ್ಲಿ ಮೂರು ಲೈಟ್ ಒಟ್ಟಿಗೆ ಹತ್ತಿಕೊಂಡಿದ್ದವು. ಹಿಂದಿದ್ದ ಲಾರಿಯವನು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದ. "ಏನಾಯ್ತೋ, ಪಕ್ಕಕ್ಕೆ ಹಾಕೋ" ಎಂದು ಅಮ್ಮ ಹೆದರಿಬಿಟ್ಟರು. ಕಾರು ಕೊಂಡು ಆಗಿದ್ದು ಒಂದೇ ವರ್ಷ. ಓಡಿದ್ದು 9,400 ಕಿಲೋಮೀಟರ್.

ಅಮ್ಮನನ್ನು ಬಸ್ಸಿಗೆ ಹತ್ತಿಸಿ, ತೆವಳಿಕೊಂಡು ಹಾಸನದ ಸರ್ವಿಸ್ ಸೆಂಟರ್ ಮುಟ್ಟಿದೆ. ಅವರು ಸ್ಕ್ಯಾನರ್ ಹಾಕಿ ನೋಡಿ, "ಡಿಪಿಎಫ್ ಕಟ್ಕೊಂಡಿದೆ ಸಾರ್, ಹೊಸದು ಹಾಕ್ಬೇಕು" ಎಂದರು. ಎಸ್ಟಿಮೇಟ್ 1,34,000 ರೂಪಾಯಿ. ವಾರಂಟಿ ಇದೆಯಲ್ಲ ಎಂದೆ. "ಇದು ಓಡ್ಸೋ ರೀತಿಯಿಂದ ಆಗಿರೋದು, ವಾರಂಟಿಗೆ ಬರಲ್ಲ" ಎಂದು ಹೇಳಿ ಮುಗಿಸಿದರು. ನಾನು ಓಡಿಸಿದ್ದರಲ್ಲಿ ಏನು ತಪ್ಪಿತ್ತು? ಜೋರಾಗಿ ಓಡಿಸಿಲ್ಲ, ಎಲ್ಲೂ ಗುದ್ದಿಲ್ಲ, ಸರ್ವಿಸ್ ತಪ್ಪಿಸಿಲ್ಲ. ನಿಧಾನಕ್ಕೆ, ಹತ್ತಿರ ಹತ್ತಿರಕ್ಕೆ ಓಡಿಸಿದ್ದೇ ತಪ್ಪಾಗಿತ್ತು. ಇದನ್ನು ಕಾರು ಕೊಳ್ಳುವಾಗ ಒಬ್ಬರೂ ಹೇಳಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಡಿಪಿಎಫ್ ಅಂದರೆ ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್. ಹೊಗೆಯಲ್ಲಿರುವ ಮಸಿಯನ್ನು ಹಿಡಿದಿಟ್ಟುಕೊಳ್ಳುವ ಫಿಲ್ಟರ್ ಇದು. ಒಳಗೆ ಜೇನುಗೂಡಿನ ಥರ ಸಣ್ಣ ಸಣ್ಣ ಕೊಳವೆಗಳಿರುವ ಸೆರಾಮಿಕ್ ಗಟ್ಟಿ ಇರುತ್ತದೆ. ಒಂದು ಕೊಳವೆಯ ಈ ತುದಿ ಮುಚ್ಚಿದ್ದರೆ ಪಕ್ಕದ ಕೊಳವೆಯ ಆ ತುದಿ ಮುಚ್ಚಿರುತ್ತದೆ. ಹಾಗಾಗಿ ಹೊಗೆ ಗೋಡೆಯಲ್ಲೇ ಸೋಸಿಕೊಂಡು ಆಚೆ ಹೋಗಬೇಕು, ಮಸಿ ಒಳಗೇ ಉಳಿಯುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ಎಂಬ ವಾಹನಗಳ ಹೊಗೆ ನಿಯಮ ಬಂದಾಗ ಡೀಸೆಲ್ ಕಾರು ಒಂದು ಕಿಲೋಮೀಟರಿಗೆ ಬಿಡಬಹುದಾದ ಕಣಗಳ ಮಿತಿ 25 ಮಿಲಿಗ್ರಾಂನಿಂದ 4.5 ಮಿಲಿಗ್ರಾಂಗೆ ಇಳಿಯಿತು. ಈ ಫಿಲ್ಟರ್ ಇಲ್ಲದೆ ಅದು ಆಗದ ಮಾತು. ಮಕ್ಕಳು ಉಸಿರಾಡುವ ಗಾಳಿ ಅದು. ನನಗೆ ಫಿಲ್ಟರ್ ಮೇಲೆ ಸಿಟ್ಟಿಲ್ಲ.

ತೊಂದರೆ ಇರುವುದು ಇಲ್ಲಿ. ಹಿಡಿದಿಟ್ಟ ಮಸಿಯನ್ನು ಆಗಾಗ ಸುಟ್ಟು ಖಾಲಿ ಮಾಡಬೇಕು. ಅದು ಚೆನ್ನಾಗಿ ಸುಡಲು ಸುಮಾರು 600 ಡಿಗ್ರಿ ಬಿಸಿ ಬೇಕು. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಹೊಗೆಯೇ ಸಾಕಷ್ಟು ಬಿಸಿ ಇರುವುದರಿಂದ ಸ್ವಲ್ಪ ಸ್ವಲ್ಪ ಮಸಿ ತಾನಾಗೇ ಸುಟ್ಟುಹೋಗುತ್ತದೆ. ಪೇಟೆಯಲ್ಲಿ ಅಷ್ಟು ಬಿಸಿ ಏರುವುದಿಲ್ಲ. ಆಗ ಕಾರಿನ ಕಂಪ್ಯೂಟರ್ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಬಿಸಿ ಏರಿಸುತ್ತದೆ. ಇದಕ್ಕೆ ರೀಜನರೇಷನ್ ಅನ್ನುತ್ತಾರೆ. ಸಾಮಾನ್ಯವಾಗಿ 15-20 ನಿಮಿಷ ಎಡೆಬಿಡದೆ ಓಡಬೇಕು. ನಡುವೆ ಇಂಜಿನ್ ಆಫ್ ಮಾಡಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ನನ್ನ ದಿನಚರಿ ನೋಡಿ. ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟು ಅಂಗಡಿಗೆ, ಎರಡು ಕಿಲೋಮೀಟರ್. ಸಂಜೆ ಅದೇ ದಾರಿ ವಾಪಸ್. ವಾರಕ್ಕೆರಡು ಸಲ ಆಲ್ದೂರು ಕಡೆಯ ನಮ್ಮ ತೋಟಕ್ಕೆ. ಅದು ಪೂರ್ತಿ ತಿರುವು, ಸೆಕೆಂಡ್ ಗೇರ್, ಥರ್ಡ್ ಗೇರ್, ಅಷ್ಟೇ. ಮೊದಲ ಹತ್ತು ತಿಂಗಳು ತಿಂಗಳಿಗೊಮ್ಮೆ ತಂಗಿಯ ಮನೆಗೆಂದು ಬೆಂಗಳೂರಿಗೆ ಹೋಗುತ್ತಿದ್ದೆವು. ಕಾರನ್ನು ಉಳಿಸಿದ್ದು ಅದೇ ಎಂದು ಈಗ ಗೊತ್ತಾಗುತ್ತಿದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಎಲ್ಲಿಗೂ ಹೋಗಲಿಲ್ಲ. ಎರಡೇ ತಿಂಗಳಲ್ಲಿ ಫಿಲ್ಟರ್ ಕಟ್ಟಿತು.

ಕಾರು ಸುಮ್ನೆ ಕೈಕೊಟ್ಟಿರಲಿಲ್ಲ, ಬೇಕಾದಷ್ಟು ಸೂಚನೆ ಕೊಟ್ಟಿತ್ತು. ಕೆಲವು ದಿನ ಅಂಗಡಿ ಮುಂದೆ ಆಫ್ ಮಾಡಿದ ಮೇಲೂ ಬಾನೆಟ್ ಒಳಗೆ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ನಿಂತಲ್ಲೇ ಇಂಜಿನ್ ಶಬ್ದ ಮಾಮೂಲಿಗಿಂತ ಜಾಸ್ತಿ ಇರುತ್ತಿತ್ತು. ಮೈಲೇಜ್ 17ರಿಂದ 11ಕ್ಕೆ ಇಳಿದಿತ್ತು. ಮಾರ್ಚ್‌ನಲ್ಲಿ ಇನ್ನೊಂದು ನಡೆದಿತ್ತು. ತೋಟದ ಕಣದ ಪಕ್ಕ ಸಿಲ್ವರ್ ಓಕ್ ಮರದ ಕೆಳಗೆ, ತರಗೆಲೆಯ ಮೇಲೆ ಕಾರು ನಿಲ್ಲಿಸಿ ಇಳಿದೆ. ಐದು ನಿಮಿಷಕ್ಕೆ ಸುಟ್ಟ ವಾಸನೆ ಬಂತು. ಬಗ್ಗಿ ನೋಡಿದರೆ ಪೈಪಿಗೆ ತಾಗಿದ ಎಲೆಗಳು ಅಂಚಿನಿಂದ ಕಪ್ಪಾಗುತ್ತಾ ತೆಳ್ಳಗೆ ಹೊಗೆ ಬಿಡುತ್ತಿದ್ದವು. ತೋಟದ ಲೆಕ್ಕ ನೋಡಿಕೊಳ್ಳುವ ನಮ್ಮ ರೈಟರ್ ಓಡಿ ಬಂದು ಒಂದು ಬಕೆಟ್ ನೀರು ಎರಚಿದರು, ನಾನು ಕಾರು ಮುಂದಕ್ಕೆ ತೆಗೆದೆ. ಕ್ಲಚ್ ಬಿಸಿಯಾಗಿರಬೇಕು ಅಂದುಕೊಂಡೆ. ಅದು ಅರ್ಧಕ್ಕೆ ನಿಂತ ರೀಜನರೇಷನ್ ಬಿಸಿ ಎಂದು ಈಗ ಅರ್ಥವಾಗುತ್ತಿದೆ. ಬೇಸಿಗೆಯಲ್ಲಿ ನಮ್ಮ ಕಡೆ ಬೆಂಕಿ ಎಂದರೆ ಏನು ಅಂತ ತೋಟದವರಿಗೆ ಹೇಳಬೇಕಾಗಿಲ್ಲ. ದಯವಿಟ್ಟು ಡೀಸೆಲ್ ಕಾರನ್ನು ಒಣ ಎಲೆ, ಒಣ ಹುಲ್ಲಿನ ಮೇಲೆ ನಿಲ್ಲಿಸಬೇಡಿ.

ಜುಲೈ ಮಧ್ಯದಲ್ಲಿ ಹಳದಿ ಲೈಟ್ ಒಂದು ಬಂದಿತ್ತು, ಚಿಕ್ಕ ಡಬ್ಬಿಯೊಳಗೆ ಚುಕ್ಕಿ ಇಟ್ಟ ಹಾಗೆ. ಮುಂದಿನ ಸರ್ವಿಸ್‌ಗೆ ತೋರಿಸೋಣ ಎಂದು ಬಿಟ್ಟೆ. ಆವತ್ತೇ ಕಡೂರು ರಸ್ತೆಗೆ ಹೋಗಿ ಅರ್ಧ ಗಂಟೆ ಒಂದೇ ಸಮ ಓಡಿಸಿದ್ದರೆ ಬಹುಶಃ ಅಲ್ಲಿಗೇ ಮುಗಿಯುತ್ತಿತ್ತು. ಮಸಿ ಒಂದು ಮಟ್ಟ ದಾಟಿದ ಮೇಲೆ ಕಂಪ್ಯೂಟರ್ ತಾನಾಗಿ ಸುಡಲು ಬಿಡುವುದಿಲ್ಲ. ಅಷ್ಟೂ ಮಸಿ ಒಟ್ಟಿಗೆ ಹತ್ತಿಕೊಂಡರೆ ಫಿಲ್ಟರ್ ಸೀಳಿಹೋಗುತ್ತದೆ ಅಥವಾ ಕರಗುತ್ತದೆ. ಅದಕ್ಕೇ ಹಗರೆ ಹತ್ತಿರ ಆದ ಹಾಗೆ ಕಂಪ್ಯೂಟರ್ ಇಂಜಿನ್ ಶಕ್ತಿಯನ್ನೇ ಕಡಿಮೆ ಮಾಡಿಬಿಡುತ್ತದೆ.

ಆ ಎಸ್ಟಿಮೇಟ್ ಹಿಡಿದುಕೊಂಡು ಒಂದು ಗ್ಯಾರೇಜಿಗೆ ಹೋದೆ. "ಅಣ್ಣ, ಒಳಗಿನ ಗಟ್ಟಿ ಒಡೆದು ತೆಗೆದು, ಕಂಪ್ಯೂಟರ್‌ಗೆ ಸಾಫ್ಟ್‌ವೇರ್ ಹಾಕ್ಬಿಡ್ತೀನಿ, 25 ಸಾವಿರ ಕೊಡಿ, ಜನ್ಮದಲ್ಲಿ ತೊಂದರೆ ಇಲ್ಲ" ಎಂದರು. ನಿಜ ಹೇಳುತ್ತೇನೆ, ಒಂದು ರಾತ್ರಿ ಪೂರ್ತಿ ಅದನ್ನೇ ಯೋಚಿಸಿದೆ. ಬೇಡ ಅನ್ನಿಸಿತು. ಕಂಪನಿ ಕೊಟ್ಟದ್ದನ್ನು ಹೀಗೆ ಬದಲಾಯಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಇಂಜಿನ್ ವಾರಂಟಿ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ದಿನಾ ಶಾಲೆಯ ಗೇಟಿನ ಮುಂದೆ ನಿಲ್ಲಿಸುವ ಕಾರು ಅದು. ಮಸಿ ಯಾರ ಮುಖಕ್ಕೆ ಹೋಗುತ್ತದೆ ಹೇಳಿ.

ಪರಿಚಯದವರೊಬ್ಬರು ಹಾಸನದ ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಕಳಿಸಿದರು. ವಯಸ್ಸಾದವರು. ಅವರು ಸ್ಕ್ಯಾನರ್ ಮುಟ್ಟುವ ಮೊದಲು ಇಂಜಿನ್ ಆಯಿಲ್ ನೋಡುವ ಕಡ್ಡಿ ಎಳೆದರು. ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆದು ನನ್ನ ಕೈಗೆ ಕೊಟ್ಟರು. ಮೇಲಿನ ಗೆರೆಗಿಂತ ಒಂದು ಬೆರಳು ಮೇಲೆ ಎಣ್ಣೆ ನಿಂತಿತ್ತು. "ಆಯಿಲ್ ಕಮ್ಮಿ ಆಗ್ಬೇಕು ಸ್ವಾಮಿ, ಜಾಸ್ತಿ ಹೆಂಗಾಯ್ತು? ಮೂಸಿ ನೋಡಿ" ಎಂದರು. ಪಕ್ಕಾ ಡೀಸೆಲ್ ವಾಸನೆ. ಬೆರಳ ಮಧ್ಯೆ ಉಜ್ಜಿದರೆ ಜಿಡ್ಡೇ ಇಲ್ಲ, ನೀರಿನ ಹಾಗೆ ಜಾರುತ್ತಿತ್ತು. ಪ್ರತಿ ಸಲ ರೀಜನರೇಷನ್ ಅರ್ಧಕ್ಕೆ ನಿಂತಾಗಲೂ, ಅದಕ್ಕೆಂದು ಚಿಮ್ಮಿಸಿದ ಡೀಸೆಲ್‌ನಲ್ಲಿ ಸ್ವಲ್ಪ ಸಿಲಿಂಡರ್ ಗೋಡೆಯಲ್ಲಿ ಇಳಿದು ಆಯಿಲ್ ಸೇರಿಕೊಂಡಿತ್ತು. ಹೀಗೇ ಇನ್ನೂ ಆರು ತಿಂಗಳು ಓಡಿಸಿದ್ದರೆ ಬೇರಿಂಗ್, ಟರ್ಬೊ ಎಲ್ಲ ಹೋಗುತ್ತಿತ್ತು. ನನಗೆ ನಿಜಕ್ಕೂ ಭಯವಾಗಿದ್ದು ಆಗ. ಫಿಲ್ಟರ್ ಕಟ್ಟಿದ್ದಕ್ಕೆ ಲೈಟ್ ಬರುತ್ತದೆ. ನನ್ನ ಕಾರಿನಲ್ಲಿ ಆಯಿಲ್ ಕೆಟ್ಟಿದ್ದಕ್ಕೆ ಯಾವ ಲೈಟೂ ಬಂದಿರಲಿಲ್ಲ.

ಅವರು ಆಯಿಲ್ ಬದಲಾಯಿಸಿ, ಫಿಲ್ಟರ್ ಬಿಚ್ಚಿ, ತೊಳೆಯುವ ಮೆಷಿನ್ ಇರುವವರಲ್ಲಿಗೆ ಕಳಿಸಿದರು. ನಾನೂ ಹೋಗಿದ್ದೆ. ಮೊದಲು ಬಂದ ನೀರು, ಹಂಡೆಯ ತಳದ ಮಸಿ ತಿಕ್ಕಿದಾಗ ಬರುತ್ತದಲ್ಲ, ಹಾಗೆ ಕಪ್ಪಗಿತ್ತು. ಪುಣ್ಯಕ್ಕೆ ಒಳಗೆ ಎಲ್ಲೂ ಬಿರುಕು ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಹೊಸದೇ ಗತಿ. ಎಲ್ಲ ಸೇರಿ 21,500 ರೂಪಾಯಿ, ನಾಲ್ಕು ದಿನ. ಹೊಸದು ಹಾಕಬೇಕು ಎಂದು ಯಾರಾದರೂ ಹೇಳಿದರೆ, ಕ್ಲೀನ್ ಮಾಡಿಸಲು ಆಗುತ್ತದಾ ಎಂದು ಮೊದಲು ಕೇಳಿ. ಫಿಲ್ಟರಿನ ಎರಡೂ ಕಡೆಯ ಒತ್ತಡ ಅಳೆಯುವ ಒಂದು ಸೆನ್ಸರ್ ಇರುತ್ತದೆ. ಅದು ಅಥವಾ ಅದರ ಪೈಪ್ ಕೆಟ್ಟಿದ್ದರೂ ಫಿಲ್ಟರ್ ಕಟ್ಟಿದೆ ಎಂದೇ ತೋರಿಸುತ್ತದೆ. ಅದನ್ನೂ ನೋಡಿಸಿ.

ಆಯಿಲ್ ವಿಷಯದಲ್ಲಿ ಇನ್ನೊಂದು ಮಾತು. ಈ ಕಾರುಗಳಿಗೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಆಗಬೇಕು. ಹೆಚ್ಚಿನ ಕಾರುಗಳಿಗೆ ಡಬ್ಬಿಯ ಮೇಲೆ ಸಿ2 ಅಥವಾ ಸಿ3 ಎಂದಿರುವುದು, ಯಾವುದು ಎಂದು ನಿಮ್ಮ ಕಾರಿನ ಪುಸ್ತಕದಲ್ಲಿರುತ್ತದೆ. ಮಸಿ ಸುಟ್ಟುಹೋಗುತ್ತದೆ, ಆಯಿಲ್‌ನ ಬೂದಿ ಸುಡುವುದಿಲ್ಲ, ಫಿಲ್ಟರ್ ಒಳಗೇ ಉಳಿಯುತ್ತದೆ. ಹಾಗೇ ತೋಟದ ಬ್ಯಾರೆಲ್ಲಿನಲ್ಲಿ ಪಂಪ್‌ಸೆಟ್ಟಿಗೆಂದು ಇಟ್ಟ ಹಳೇ ಡೀಸೆಲ್ ತೆಗೆದು ಕಾರಿಗೆ ಹಾಕಬೇಡಿ. ನಮ್ಮಲ್ಲಿ ಬಹಳ ಜನ ಹಾಕುತ್ತಾರೆ.

ಶೋರೂಂನಲ್ಲಿ ಟಚ್‌ಸ್ಕ್ರೀನ್ ತೋರಿಸಲು ಅರ್ಧ ಗಂಟೆ ಕೂತಿದ್ದರು. ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ ಎಂದು ಕೇಳಲಿಲ್ಲ. ಕೇಳಿದ್ದರೆ ಪೆಟ್ರೋಲ್ ತಗೊಳ್ಳಿ ಎಂದು ಹೇಳಬೇಕಾಗುತ್ತಿತ್ತು. ಆ ಪ್ರಶ್ನೆಯನ್ನು ನೀವೇ ಕೇಳಿಕೊಳ್ಳಿ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಹೈವೇ ಓಡಾಟ ಇದ್ದರೆ ಡೀಸೆಲ್ ಒಳ್ಳೆಯದೇ, ಘಾಟಿಯಲ್ಲಿ ಅದರ ಎಳೆತ ಚೆನ್ನಾಗಿರುತ್ತದೆ. ಮನೆ, ಶಾಲೆ, ಅಂಗಡಿ ಅಷ್ಟೇ ಆದರೆ ಬೇಡ. ಈಗಾಗಲೇ ಕೊಂಡಿದ್ದರೆ, ಫ್ಯಾನ್ ಜೋರಾಗಿದ್ದಾಗ ಆಫ್ ಮಾಡದೆ ಇನ್ನೊಂದು ಸುತ್ತು ಹೋಗಿ ಬನ್ನಿ. ಟ್ಯಾಂಕ್ ತೀರಾ ಖಾಲಿ ಬಿಡಬೇಡಿ, ಡೀಸೆಲ್ ಕಡಿಮೆ ಇದ್ದರೆ ಎಷ್ಟೋ ಕಾರುಗಳಲ್ಲಿ ರೀಜನರೇಷನ್ ಶುರುವೇ ಆಗುವುದಿಲ್ಲ.

ನಾನೀಗ ಪ್ರತಿ ಭಾನುವಾರ ಬೆಳಿಗ್ಗೆ ಕಡೂರಿಗೆ ಹೋಗಿ ಬರುತ್ತೇನೆ. ಹೋಗಿ ಬರೋದು 80 ಕಿಲೋಮೀಟರ್, ಒಂದೇ ಸಮ. ಮಾರನೇ ದಿನ ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಕಡ್ಡಿ ತೆಗೆದು ನೋಡುತ್ತೇನೆ. ಇವತ್ತೂ ನೋಡಿದೆ, ಎಣ್ಣೆ ಎರಡು ಗೆರೆಗಳ ನಡುವೆಯೇ ಇದೆ.