ಕ್ರೋನೋಗ್ರಾಫ್ ಡಯಲ್ ರಿಪೇರಿ: ಎರಡು ತಪ್ಪು ಖರೀದಿ, ಕೊನೆಗೊಂದು ಒಳ್ಳೆಯ ಕೈ

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಹತ್ತಿರದ ಒಂದು ಸಂದಿಯಲ್ಲಿ ವಾಚಿನ ಡಯಲ್‌ಗೆ ಮತ್ತೆ ಬಣ್ಣ ಕೊಟ್ಟು ಅಚ್ಚು ಹಾಕುವ ಹಿರಿಯರೊಬ್ಬರಿದ್ದಾರೆ. ನನ್ನ ಕ್ರೋನೋಗ್ರಾಫಿನ, ಅಂದರೆ ಸ್ಟಾಪ್‌ವಾಚೂ ಇರುವ ಕೈಗಡಿಯಾರದ, ಡಯಲ್ ಅವರ ಕೈಗೆ ಕೊಟ್ಟೆ. ಏಳು ವಾರ ಹಿಡಿಯಿತು. 3,800 ರೂಪಾಯಿ ಆಯಿತು. ಐದಕ್ಕೆ ನಾಲ್ಕು ಅಂಕ. ಅಂಗಡಿಗೆ ಬೋರ್ಡಿಲ್ಲ, ಇರುವ ಕೆಲಸವೇ ಜಾಸ್ತಿ, ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ, ಹಾಗಾಗಿ ಹಾಕುವುದಿಲ್ಲ. ಆದರೆ ಕೆಲಸ ಹೇಗಿತ್ತು ಅಂತ ವಿವರವಾಗಿ ಬರೆಯುತ್ತೇನೆ. ನೀವು ಯಾರ ಹತ್ತಿರ ಡಯಲ್ ಮಾಡಿಸಿದರೂ, ಎಲ್ಲಿಂದ ಡಯಲ್ ತರಿಸಿದರೂ, ಇದೇ ವಿಷಯಗಳನ್ನು ನೋಡಬೇಕಾಗುತ್ತದೆ.

ನನ್ನದು ಎಸ್‌ಟಿ19 ಮಷೀನ್ ಇರುವ, ಕೀ ಕೊಡುವ ವಾಚು. ಈ ಮಷೀನಿನ ಮೂಲ ಸ್ವಿಟ್ಜರ್ಲೆಂಡಿನ ವೀನಸ್ 175. ಅದನ್ನು ಮಾಡುವ ಯಂತ್ರಗಳನ್ನು ಚೀನಾದ ಟಿಯಾನ್‌ಜಿನ್ ವಾಚು ಕಾರ್ಖಾನೆ ಕೊಂಡುಕೊಂಡು, 1960ರ ದಶಕದಲ್ಲಿ ಅಲ್ಲಿನ ವಾಯುಪಡೆಗಾಗಿ ಕ್ರೋನೋಗ್ರಾಫ್ ತಯಾರಿಸಿತು. ಸೀಗಲ್ 1963 ಅಂತ ಇವತ್ತು ಸಿಗುವ ಹಳೆಯ ನೋಟದ ವಾಚು ಅದರದ್ದೇ ನೆನಪು. ನನ್ನದು ಅದಲ್ಲ. ಅದೇ ಮಷೀನ್ ಹಾಕಿ, ಸುತ್ತ ವೇಗ ಅಳೆಯುವ ಟ್ಯಾಕಿಮೀಟರ್ ಪಟ್ಟಿ ಕೊಟ್ಟು, ಕೆನೆಬಣ್ಣದ ಡಯಲ್ ಮೇಲೆ ಲೋಹದ ಅಂಕಿಗಳನ್ನು ಕೂರಿಸಿದ ಬೇರೆ ವಾಚು. ಬಟನ್ ಒತ್ತಿದಾಗ, ಸ್ಟಾಪ್‌ವಾಚನ್ನು ಓಡಿಸಿ ನಿಲ್ಲಿಸುವ ಕಾಲಮ್ ವೀಲ್ ಎಂಬ ಚಕ್ರ ಒಂದು ಹಲ್ಲು ತಿರುಗಿ ಬೆರಳಿಗೆ ಟಕ್ ಅಂತ ಸಿಗುತ್ತದಲ್ಲ, ಆ ಸುಖಕ್ಕೇ ನಾನು ಇದನ್ನು ಕೊಂಡಿದ್ದು.

ಮಂಗಳೂರಿನ ಎರಡು ಮಳೆಗಾಲ ಅದನ್ನು ಹಾಳು ಮಾಡಿತು. ಬಟನ್ ಸಂದಿಯಿಂದ ತೇವ ಒಳಗೆ ಹೋಗಿತ್ತು. ವಾರ್ನಿಶ್ ಗುಳ್ಳೆ ಎದ್ದು, 5ರ ಅಂಕಿಯ ಪಕ್ಕ ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿತ್ತು. ಮಷೀನಿಗೆ ಏನೂ ಆಗಿರಲಿಲ್ಲ. ಮುಖ ಮಾತ್ರ ಹೋಗಿತ್ತು.

ಆನ್‌ಲೈನಿನಲ್ಲಿ ರೆಡಿ ಡಯಲ್ ಸಿಗುತ್ತದೆ, ಯಾಕೆ ತಲೆಬಿಸಿ ಅಂತ ಮೊದಲು ಅದನ್ನೇ ತರಿಸಿದೆ. 1,900 ರೂಪಾಯಿ. ಫೋಟೋದಲ್ಲಿ ನೋಡಿದರೆ ನನ್ನ ಡಯಲಿನ ಅವಳಿ: 3ರ ಕಡೆ ಒಂದು ಸಣ್ಣ ಡಯಲ್, 9ರ ಕಡೆ ಒಂದು. ಎರಡು ಸಣ್ಣ ಡಯಲಿನ ಎಲ್ಲ ವಾಚಿಗೂ ಆಗುತ್ತದೆ ಅಂತ ಮಾರುವವರು ಬರೆದಿದ್ದರು. ಬಂದ ಮೇಲೆ ಭೂತಗನ್ನಡಿ ಹಿಡಿದು ನೋಡಿದರೆ 3ರ ಕಡೆಯ ಸಣ್ಣ ಡಯಲಿನಲ್ಲಿ 24ರ ವರೆಗೆ ಅಂಕಿ, 9ರ ಕಡೆಯದರಲ್ಲಿ 60 ನಿಮಿಷ. ಅಂದರೆ ಅದು ಸೈಕೊ ವಿಕೆ64 ಎಂಬ ಬ್ಯಾಟರಿ ಮಷೀನಿನ ಡಯಲ್. ಅದರಲ್ಲಿ 3ರ ಕಡೆ 24 ಗಂಟೆಯ ಮುಳ್ಳು, 9ರ ಕಡೆ ಕ್ರೋನೋದ, ಅಂದರೆ ಸ್ಟಾಪ್‌ವಾಚಿನ, ನಿಮಿಷದ ಮುಳ್ಳು. ನನ್ನ ಎಸ್‌ಟಿ19ರಲ್ಲಿ 9ರ ಕಡೆ ಸದಾ ಓಡುವ ಸೆಕೆಂಡು, 3ರ ಕಡೆ ಕ್ರೋನೋದ 30 ನಿಮಿಷ. ಆ ಡಯಲ್ ಹಾಕಿದ್ದರೆ ನನ್ನ 30 ನಿಮಿಷದ ಮುಳ್ಳು 24 ಗೆರೆಗಳ ಮೇಲೆ ಓಡಬೇಕಿತ್ತು. ನೋಡುವುದಕ್ಕೆ ಚೆನ್ನಾಗಿರುತ್ತದೆ, ಹೇಳುವುದೆಲ್ಲ ಸುಳ್ಳು.

ಅದಕ್ಕಿಂತ ಸಿಟ್ಟು ಬಂದಿದ್ದು ಮಾರುವವರ ಉತ್ತರಕ್ಕೆ. ಡಯಲಿನ ಕಾಲು ಕತ್ತರಿಸಿ, ಅಂಟಿನ ಚುಕ್ಕೆ ಹಚ್ಚಿ ಕೂರಿಸಿ ಎಂದರು. ಡಯಲಿನ ಹಿಂದೆ ಎರಡು ಸಣ್ಣ ಲೋಹದ ಕಾಲುಗಳಿರುತ್ತವೆ, ಅವು ಮಷೀನಿನ ತೂತಿಗೆ ಇಳಿದು ಸ್ಕ್ರೂನಿಂದ ಬಿಗಿಯಾಗುತ್ತವೆ. ಮೂರು ಮುಳ್ಳಿನ ಸಾದಾ ವಾಚಿಗೆ ಅಂಟು ಹೇಗೋ ನಡೆಯಬಹುದು. ಕ್ರೋನೋಗ್ರಾಫಿಗೆ ಅದು ಕೆಟ್ಟ ಸಲಹೆ. ಇಲ್ಲಿ ನಡುವಿನ ತೂತಿನ ಜೊತೆಗೆ ಇನ್ನೂ ಎರಡು ತೂತುಗಳಿಂದ ಕೂದಲಿನಂಥ ತೆಳ್ಳನೆಯ ಕಡ್ಡಿಗಳು ಮೇಲೆ ಬರುತ್ತವೆ. ಡಯಲ್ ಒಂದಿಷ್ಟು ಜರುಗಿದರೂ ಕಡ್ಡಿ ತೂತಿನ ಅಂಚಿಗೆ ಉಜ್ಜುತ್ತದೆ. ಅಂಟಿನ ದಪ್ಪಕ್ಕೆ ಡಯಲ್ ಮೇಲೇಳುವುದರಿಂದ ಸಣ್ಣ ಮುಳ್ಳುಗಳಿಗೆ ಹಿಡಿತವೂ ಸಾಲುವುದಿಲ್ಲ. ಬಟನ್ ಒತ್ತಿ ಸೊನ್ನೆಗೆ ತಂದಾಗ ಮುಳ್ಳು ಎಷ್ಟು ಜೋರಾಗಿ ಹಾರಿ ಬರುತ್ತದೆ ಅಂತ ನೋಡಿದವರಿಗೆ ಗೊತ್ತು, ಅರ್ಧ ಹಿಡಿತದ ಮುಳ್ಳು ಅಲ್ಲಿ ನಿಲ್ಲುವುದೇ ಇಲ್ಲ.

ಎರಡನೇ ಡಯಲ್ ಬೇರೆಯವರಿಂದ ತರಿಸಿದೆ, ಮಷೀನಿನ ಹೆಸರು ಹೇಳಿ, ಕಾಲಿನ ಜಾಗದ ಫೋಟೋ ಕಳಿಸಿ. ಕಾಲು ಸರಿಯಾಗಿ ಕೂತಿತು. ಮೇಲಿನ ಅಚ್ಚು ಸರಿ ಇರಲಿಲ್ಲ.

ಟ್ಯಾಕಿಮೀಟರ್ ಪಟ್ಟಿ ಸರಿ ಇದೆಯೋ ಇಲ್ಲವೋ ನೋಡಲು ಯಾರ ಸಹಾಯವೂ ಬೇಡ. 3600 ಅನ್ನು ಸೆಕೆಂಡಿನಿಂದ ಭಾಗಿಸಿ, ಅಷ್ಟೇ ಲೆಕ್ಕ. ಒಂದು ಕಿಲೋಮೀಟರ್ ದಾಟಲು 30 ಸೆಕೆಂಡು ಹಿಡಿದರೆ ವೇಗ ಗಂಟೆಗೆ 120. ಹಾಗಾಗಿ 120 ಸರಿಯಾಗಿ 6ರ ಜಾಗದಲ್ಲಿರಬೇಕು. 240 ಅನ್ನುವುದು 3ರಲ್ಲಿ, 80 ಅನ್ನುವುದು 9ರಲ್ಲಿ, 60 ಅನ್ನುವುದು 12ರಲ್ಲಿ. ಈ ನಾಲ್ಕು ಜಾಗ ನೋಡಿದರೆ ಸಾಕು. ನನಗೆ ಬಂದದ್ದರಲ್ಲಿ ಇಡೀ ಪಟ್ಟಿ ಒಂದು ಸೆಕೆಂಡು ಹಿಂದೆ ಜರುಗಿತ್ತು, 80 ಹೋಗಿ 44ರ ಗೆರೆಯ ಪಕ್ಕ ಕೂತಿತ್ತು. ಸಣ್ಣ ಡಯಲ್‌ಗಳನ್ನೂ ತಗ್ಗಿಸದೆ ಸಪಾಟಾಗಿ ಬಿಟ್ಟಿದ್ದರು. ಹಳೆಯ ಕ್ರೋನೋಗ್ರಾಫಿನ ಚೆಲುವಿನಲ್ಲಿ ಅರ್ಧ ಆ ತಗ್ಗಿನಲ್ಲಿರುತ್ತದೆ, ಅಲ್ವಾ? ಅಲ್ಲಿ ಒಂದರೊಳಗೊಂದು ಸುತ್ತಿದ ಸಣ್ಣ ಗೀರುಗಳಿರುತ್ತವೆ, ಬೆಳಕು ಬಿದ್ದಾಗ ಬೀಸಣಿಗೆ ಬಿಚ್ಚಿದ ಹಾಗೆ ಹೊಳೆಯುತ್ತವೆ. ಇದರಲ್ಲಿ ಬರೀ ಬಣ್ಣದ ವೃತ್ತ.

ಆಗ ಹಳೆಯ ಡಯಲನ್ನೇ ಸರಿ ಮಾಡಿಸುವುದು ಅಂತ ನಿರ್ಧಾರ ಮಾಡಿದೆ. ನಮ್ಮ ಕಡೆ ರೀಡಯಲ್ (ಹಳೆಯ ಡಯಲಿಗೆ ಹೊಸ ಬಣ್ಣ, ಹೊಸ ಅಚ್ಚು) ಅಂದ ಕೂಡಲೇ ಜನ ಮುಖ ಸಿಂಡರಿಸುತ್ತಾರೆ, ಅದಕ್ಕೆ ಕಾರಣವೂ ಇದೆ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿತು. ಆ ಕಾರ್ಖಾನೆಯ ಜನತಾ, ಪೈಲಟ್ ವಾಚುಗಳಿಗೆ ಈಗ ಎಲ್ಲೆಲ್ಲೋ ಹೊಸ ಬಣ್ಣ ಬಳಿದು, ಅಕ್ಷರ ಸೊಟ್ಟಗೆ ಅಚ್ಚು ಹಾಕಿ, ಹಳೆಯದು ಅಂತ ಹೇಳಿ ಮಾರುತ್ತಾರೆ. ಕೊಂಡವರಿಗೆ ಮೋಸ. ಹಳೆಯ ವಾಚಿನ ಬೆಲೆ ಇರುವುದೇ ಡಯಲಿನಲ್ಲಿ. ಹಾಲಿವುಡ್ ನಟ ಪಾಲ್ ನ್ಯೂಮನ್ ಕಟ್ಟಿಕೊಂಡಿದ್ದ ರೋಲೆಕ್ಸ್ ಡೇಟೋನಾ ಕ್ರೋನೋಗ್ರಾಫ್ 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1.77 ಕೋಟಿ ಡಾಲರ್ ದಾಟಿತು. ಅವರ ಕೈಯಲ್ಲಿತ್ತು ಅನ್ನುವುದು ಅದಕ್ಕೆ ದೊಡ್ಡ ಕಾರಣ, ನಿಜ. ಆದರೆ ಆ ಬಗೆಯ ಡಯಲ್ ಇದ್ದರೆ ಬೇರೆ ಡೇಟೋನಾಗಳೂ ಸಾದಾ ಡಯಲಿನವಕ್ಕಿಂತ ಎಷ್ಟೋ ಜಾಸ್ತಿಗೆ ಹೋಗುತ್ತವೆ.

ಈ ಹಿರಿಯರು ನನಗೆ ಹಿಡಿಸಿದ್ದು ಇಲ್ಲೇ. ಡಯಲ್ ಕೈಗೆ ತೆಗೆದುಕೊಂಡು ಮೊದಲು ಕೇಳಿದ್ದು, ಇದು ಯಾವ ಕಾಲದ್ದು ಅಂತ. ನಿಜವಾಗಿ ಹಳೆಯದಾಗಿದ್ದರೆ ಮುಟ್ಟುವುದಿಲ್ಲ, ಕಲೆ ಇದ್ದರೂ ಹಾಗೇ ಇಟ್ಟುಕೊಳ್ಳಿ ಎಂದು ವಾಪಸ್ ಕೊಡುತ್ತಿದ್ದೆ ಎಂದರು. ಕತ್ತಲಲ್ಲಿ ಹೊಳೆಯಲಿ ಅಂತ ಹಿಂದೆ ಬಳಿಯುತ್ತಿದ್ದ, ವಿಕಿರಣ ಸೂಸುವ ರೇಡಿಯಂ ಇರುವ ಡಯಲನ್ನಂತೂ ಅಂಗಡಿಯೊಳಗೇ ಬಿಟ್ಟುಕೊಳ್ಳುವುದಿಲ್ಲವಂತೆ. ಇದನ್ನು ಎಲ್ಲರೂ ತಿಳಿದಿರಬೇಕು. ಕತ್ತಲಲ್ಲಿ ಹೊಳೆಯುವುದು ನಿಂತಿದೆ ಅಂದರೆ ರೇಡಿಯಂ ಸತ್ತಿದೆ ಅಂತಲ್ಲ. ಹೊಳೆಯುವ ಪುಡಿ ಮಾತ್ರ ಸತ್ತಿರುತ್ತದೆ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ಹಳೆಯ ಡಯಲಿನ ಹೊಳೆಯುವ ಬಣ್ಣವನ್ನು ಮನೆಯಲ್ಲಿ ಕೆರೆಯಬೇಡಿ, ಆ ಧೂಳು ಉಸಿರಿಗೆ ಹೋಗಬಾರದು. ನನ್ನದು ಹೊಸ ಕಾಲದ್ದು, ಆ ಭಯ ಇರಲಿಲ್ಲ.

ಕೆಲಸ ನಡೆಯುವಾಗ ಎರಡು ಸಲ ಹೋಗಿ ನೋಡಿದೆ. ಮೊದಲು ಡಯಲನ್ನು ಸ್ಕ್ಯಾನ್ ಮಾಡಿ ಪ್ರತಿ ಗೆರೆಯನ್ನೂ ಕಂಪ್ಯೂಟರಿನಲ್ಲಿ ಮತ್ತೆ ಎಳೆದಿದ್ದರು. ಲೋಹದ ಅಂಕಿಗಳ ಸಣ್ಣ ಕಾಲುಗಳನ್ನು ಹಿಂದಿನಿಂದ ಒತ್ತಿ ಒಂದೊಂದಾಗಿ ಬಿಡಿಸಿದ್ದರು. 8ರ ಒಂದು ಕಾಲು ಮುರಿಯಿತು. ಅದನ್ನು ಅವರೇ ಫೋನ್ ಮಾಡಿ ಹೇಳಿದರು, ಅಂಟಿನಲ್ಲಿ ಕೂರಿಸುತ್ತೇನೆ, ಒಪ್ಪಿಗೆಯೇ ಅಂತ ಕೇಳಿದರು. ಮುಚ್ಚಿಟ್ಟಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಆಮೇಲೆ ಹಳೆಯ ವಾರ್ನಿಶ್ ತೊಳೆದು, ಕಿಲುಬು ತೆಗೆದು, ಬೆಳ್ಳಿಯ ಲೇಪ ಕೊಟ್ಟು, ಅದರ ಮೇಲೆ ಕೆನೆಬಣ್ಣವನ್ನು ತೆಳ್ಳಗೆ ಹಲವು ಸಲ ಸಿಂಪಡಿಸಿ ಒಣಗಿಸಿದರು.

ಅಚ್ಚು ಹಾಕುವುದನ್ನು ನೋಡುವುದೇ ಒಂದು ಹಬ್ಬ. ಗೆರೆಗಳನ್ನು ಕೊರೆದ ಉಕ್ಕಿನ ತಗಡಿಗೆ ಶಾಯಿ ಬಳಿದು ಬ್ಲೇಡಿನಿಂದ ಒರೆಸುತ್ತಾರೆ. ಶಾಯಿ ಕೊರೆದ ಗೆರೆಗಳಲ್ಲಿ ಮಾತ್ರ ಉಳಿಯುತ್ತದೆ. ಮೆತ್ತನೆಯ ಸಿಲಿಕೋನ್ ಉಂಡೆ ಅದನ್ನು ಎತ್ತಿಕೊಂಡು ಬಂದು ಡಯಲ್ ಮೇಲೆ ಒತ್ತುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ತಗಡು. ನನ್ನದಕ್ಕೆ ಕಪ್ಪು ಒಂದು, ಕೆಂಪು ಒಂದು. ಕೆಂಪು ಮೊದಲ ಸಲ ಅರ್ಧ ಗೆರೆಯಷ್ಟು ಜರುಗಿತು. ಒಂದು ಮಾತೂ ಆಡದೆ ಒರೆಸಿ ಮತ್ತೆ ಹಾಕಿದರು.

ಗೆರೆಗಳ ವಿಷಯದಲ್ಲಿ ನಾನೊಂದು ಬದಲಾವಣೆ ಕೇಳಿದೆ. ಹಳೆಯ ಅಚ್ಚಿನಲ್ಲಿ ಒಂದು ಸೆಕೆಂಡನ್ನು ಐದು ಭಾಗ ಮಾಡಿದ್ದರು. ಗಂಟೆಗೆ 18,000 ಸಲ ಬಡಿಯುವ ಹಳೆಯ ಮಷೀನುಗಳಿಗೆ ಅದು ಸರಿ, ಅವು ಸೆಕೆಂಡಿಗೆ ಐದು ಹೆಜ್ಜೆ ಇಡುತ್ತವೆ. ನನ್ನದು 21,600, ಅಂದರೆ ಸೆಕೆಂಡಿಗೆ ಆರು ಹೆಜ್ಜೆ. ಮುಳ್ಳು ನಿಂತಾಗ ಹೆಚ್ಚಿನ ಸಲ ಯಾವ ಸಣ್ಣ ಗೆರೆಯ ಮೇಲೂ ಇರುತ್ತಿರಲಿಲ್ಲ. ಸೆಕೆಂಡನ್ನು ಮೂರು ಭಾಗ ಮಾಡಿಕೊಡಿ ಎಂದೆ. ಸ್ವಲ್ಪ ಹೊತ್ತು ಯೋಚಿಸಿ, ಇದನ್ನು ಯಾರೂ ಕೇಳಿರಲಿಲ್ಲ ಎಂದು ನಕ್ಕು ಒಪ್ಪಿದರು. ಈಗ ಮುಳ್ಳು ಒಂದೋ ಗೆರೆಯ ಮೇಲೆ, ಇಲ್ಲವೇ ಎರಡು ಗೆರೆಗಳ ನಟ್ಟನಡುವೆ ನಿಲ್ಲುತ್ತದೆ. ಗೆರೆ ಕಡಿಮೆಯಾಗಿ ಡಯಲಿಗೆ ಉಸಿರಾಡಲು ಜಾಗವೂ ಸಿಕ್ಕಿದೆ. ಹಳೆಯ ನೋಟ ಬೇಕು ಅಂತ ಹೊಸ ಮಷೀನಿನ ಮೇಲೆ ಹಳೆಯ ಅಳತೆ ಅಚ್ಚು ಹಾಕುವುದು ನನಗೆ ಸರಿ ಕಾಣುವುದಿಲ್ಲ. ಕೆಳಗಿನ ಮಷೀನ್ ಹೇಳುವುದನ್ನೇ ಮೇಲಿನ ಡಯಲೂ ಹೇಳಬೇಕು.

ಇನ್ನು ಹೋದ ಒಂದು ಅಂಕ. ಕೆನೆಬಣ್ಣ ಮೊದಲಿಗಿಂತ ತುಸು ಹಳದಿಯಾಗಿದೆ, ಅದು ಪರವಾಗಿಲ್ಲ, ಕೇಸಿನ ಜೊತೆ ಹೊಂದಿಕೊಳ್ಳುತ್ತದೆ. ಬೇಜಾರಾಗಿದ್ದು ಸಣ್ಣ ಡಯಲುಗಳ ಬಗ್ಗೆ. ಬಣ್ಣದ ಪದರ ಆ ಸುತ್ತುಗೀರುಗಳೊಳಗೆ ತುಂಬಿಕೊಂಡು ಹೊಳಪು ಮಂಕಾಗಿದೆ. ಬಿಸಿಲಿನಲ್ಲಿ ಓರೆ ಹಿಡಿದರೆ ಕಾಣುತ್ತದೆ, ನೆರಳಿನಲ್ಲಿ ಇಲ್ಲ. ಸಣ್ಣ ಡಯಲುಗಳನ್ನು ಮುಚ್ಚಿಟ್ಟು ಬಣ್ಣ ಹೊಡೆದು, ಅಲ್ಲಿ ಬೆಳ್ಳಿ ಹಾಗೇ ಬಿಟ್ಟಿದ್ದರೆ ಗೀರು ಉಳಿಯುತ್ತಿತ್ತು. ಅವರೇ ಇದನ್ನು ಒಪ್ಪಿಕೊಂಡರು. ನೀವು ಮಾಡಿಸುವುದಾದರೆ ಮೊದಲೇ ಹೇಳಿ, ಎರಡು ಬಣ್ಣದ ಡಯಲ್ ಆಗುತ್ತದೆ, ನೋಡಲು ಇನ್ನೂ ಚೆನ್ನ.

ಜೋಡಿಸಲು ಬೇರೆ ವಾಚು ಮೇಸ್ತ್ರಿಗೆ 1,200 ಕೊಟ್ಟೆ. ಅಲ್ಲೇ ಕೂತು ಇಪ್ಪತ್ತು ಸಲ ಓಡಿಸಿ ಸೊನ್ನೆಗೆ ತರಿಸಿದೆ, ಇಪ್ಪತ್ತೂ ಸಲ ಮುಳ್ಳು 12ರ ಗೆರೆಯ ಮೇಲೇ ಬಂದು ನಿಂತಿತು. ಒಳಗೆ ತೇವ ಬಂದಿದ್ದ ಎರಡೂ ಬಟನ್‌ಗಳಿಗೆ ಹೊಸ ರಬ್ಬರ್ ವಾಷರ್ ಹಾಕಿಸಿದ್ದೇನೆ. ಜೂನ್ ಬಂದರೆ ವಾಚು ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿ ಇರುತ್ತದೆ, ಮಳೆ ಬಿಟ್ಟ ದಿನ ಮಾತ್ರ ಕೈಗೆ.