ಬೆಳಗಿನ ಒಂದು ತಾಸೋ, ದಿನದ ಮೂರು ಹೊತ್ತೋ? ಎರಡನ್ನೂ ಮಾಡಿ ನೋಡಿದ ಮೇಲೆ

ಅಫರ್ಮೇಶನ್ (ಅಂದರೆ ತನಗೆ ತಾನೇ ಧೈರ್ಯದ ಮಾತು ಹೇಳಿಕೊಳ್ಳುವುದು), ವ್ಯಾಯಾಮ, ಓದು. ಈ ಮೂರನ್ನೂ ದಿನಾ ಮಾಡಬೇಕು ಅಂದರೆ ಎರಡು ದಾರಿ ಇವೆ. ಒಂದು, ಬೆಳಿಗ್ಗೆ ಐದಕ್ಕೆ ಎದ್ದು ಒಂದೇ ತಾಸಿನಲ್ಲಿ ಮೂರನ್ನೂ ಮುಗಿಸಿಬಿಡುವುದು. ಇನ್ನೊಂದು, ಮೂರನ್ನೂ ಬಿಡಿಸಿ, ಹೇಗೂ ದಿನಾ ನಡೆಯುವ ಒಂದೊಂದು ಕೆಲಸಕ್ಕೆ ಒಂದೊಂದನ್ನು ಗಂಟು ಹಾಕುವುದು. ನಾನು ವಿಜಯಪುರದಲ್ಲಿ ಒಣದ್ರಾಕ್ಷಿ ವ್ಯಾಪಾರದ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಅದೇ ಮನೆ, ಅದೇ ಕೆಲಸ ಇಟ್ಟುಕೊಂಡೇ ಎರಡನ್ನೂ ಮಾಡಿ ನೋಡಿದ್ದೇನೆ. ಎರಡನೇದೇ ಗಟ್ಟಿ ಅಂತ ಈಗ ನನಗೆ ಖಾತ್ರಿ ಆಗಿದೆ. ಆದರೆ ಮೊದಲನೇದನ್ನು ಸುಮ್ನೆ ತಳ್ಳಿಹಾಕುವ ಹಾಗೂ ಇಲ್ಲ.

ನಮ್ಮೂರಲ್ಲಿ ಬೆಳಗಿಗೆ ಒಂದು ತೂಕ ಇದೆ. ಸಿದ್ಧೇಶ್ವರ ಸ್ವಾಮೀಜಿಗಳ ಪ್ರವಚನ ಅಂದರೆ ಬೇಗ ಸ್ನಾನ ಮುಗಿಸಿ ಹೊತ್ತಿಗೆ ಸರಿಯಾಗಿ ಹೋಗಿ ಕೂರುತ್ತಿದ್ದ ಜನ ಇಲ್ಲಿಯವರು. ಅದೂ ಅಲ್ಲದೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರಲ್ಲಿ ಬಯಲಲ್ಲಿ ನಡೆಯಬೇಕು ಅಂದರೆ ನಸುಕೇ ಸರಿ. ಗೋಳಗುಮ್ಮಟದ ಕಡೆ ಹೋಗಿ ಬರುವಷ್ಟರಲ್ಲಿ ಮೈ ಹಗುರಾಗುತ್ತದೆ. ಅಂಗಡಿಗೆ ಹೊರಡುವ ಮೊದಲೇ ಮೂರೂ ಕೆಲಸ ಆಗಿವೆ ಅನ್ನುವ ಸಮಾಧಾನ ಇದೆಯಲ್ಲ, ಅದನ್ನು ಎರಡನೇ ದಾರಿ ಕೊಡುವುದಿಲ್ಲ.

ತೊಂದರೆ ಏನೆಂದರೆ, ಆ ಒಂದು ತಾಸು ಕೈತಪ್ಪಿದರೆ ಮೂರೂ ಒಟ್ಟಿಗೇ ಹೋಗುತ್ತವೆ. ನಮ್ಮ ಓಣಿಗೆ ನಳದ ನೀರು ಬರುವ ದಿನ "ಏಳಪಾ, ನಳ ಬಂದೈತಿ" ಅಂತ ಅವ್ವ ಕೂಗಿದಳು ಅಂದರೆ ಮುಗಿಯಿತು. ಮೋಟಾರ್ ಹಚ್ಚಿ, ಪೈಪು ಹಿಡಿದು, ಟಾಕಿ ತುಂಬಿಸಿ, ಕುಡಿಯುವ ನೀರಿನ ಕೊಡಗಳನ್ನು ಒಳಗಿಟ್ಟು ಬರುವಷ್ಟರಲ್ಲಿ ಬಿಸಿಲು ಅಂಗಳಕ್ಕೆ ಬಂದಿರುತ್ತದೆ. ಫೆಬ್ರವರಿಯಿಂದ ಏಪ್ರಿಲ್ ತನಕ ಒಣದ್ರಾಕ್ಷಿಯ ಹಂಗಾಮು. ಆಗ ರಾತ್ರಿ ಲೆಕ್ಕ ಮುಗಿಸಿ ಮಲಗುವುದೇ ಹನ್ನೆರಡಕ್ಕೆ. ಐದಕ್ಕೆ ಎದ್ದರೆ ನಿದ್ದೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ. ಅಂಥ ದಿನ ಪುಸ್ತಕ ಹಿಡಿದರೆ ಓದಿದ ಸಾಲನ್ನೇ ಮತ್ತೆ ಓದುವುದು, ಅಷ್ಟೇ.

ಈಗ ಮೂರು ಹೊತ್ತಿನ ಕ್ರಮಕ್ಕೆ ಬರೋಣ. ಒಲೆ ಮೇಲೆ ಚಹಾ ಕುದಿಯುವಾಗ ಅಫರ್ಮೇಶನ್, ಸ್ನಾನಕ್ಕೆ ಮೊದಲು ವ್ಯಾಯಾಮ, ರಾತ್ರಿ ಊಟ ಆದ ಮೇಲೆ ಓದು. ಚಹಾ, ಸ್ನಾನ, ಊಟ ನಮ್ಮ ಮನೆಯಲ್ಲಿ ಯಾವ ದಿನವೂ ತಪ್ಪುವುದಿಲ್ಲ. ಹೊತ್ತು ಹಿಂದೆ ಮುಂದೆ ಆಗಬಹುದು, ಅವು ಮಾತ್ರ ಆಗಿಯೇ ಆಗುತ್ತವೆ. ಹೀಗಾಗಿ ಗಡಿಯಾರ ನೋಡುವ ಗೋಜೇ ಇಲ್ಲ.

ಅಫರ್ಮೇಶನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಹೊತ್ತಿಗಿಂತ ಅದರ ಮಾತೇ ಮುಖ್ಯ. ಬೆಳಗಿನ ತಾಸಿನಲ್ಲಿ ನಾನು ಮಾಡುತ್ತಿದ್ದದ್ದು ಎಲ್ಲರೂ ಹೇಳುವ ಪದ್ಧತಿ. ಕನ್ನಡಿ ಮುಂದೆ ನಿಂತು "ನಾನು ಧೈರ್ಯವಂತ, ನಾನು ಗೆಲ್ಲುವವನು" ಅನ್ನುವುದು. ಬಾಯಿ ಇದನ್ನು ಹೇಳುತ್ತಿದ್ದರೆ ಒಳಗಿನಿಂದ ಇನ್ನೊಂದು ದನಿ "ಎಲ್ಲಿಯ ಧೈರ್ಯ, ನಿನ್ನೆ ಅಂಗಡಿಯಲ್ಲಿ ಏನಾಯಿತು?" ಅಂತ ಕೇಳುತ್ತಿತ್ತು. ಇದು ನನ್ನೊಬ್ಬನ ಪಾಡಲ್ಲ. ಕೆನಡಾದ ಮನಶ್ಶಾಸ್ತ್ರಜ್ಞೆ ಜೋಆನ್ ವುಡ್ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಕಂಡಿತ್ತು: ತಮ್ಮ ಬಗ್ಗೆ ಮೊದಲೇ ಒಳ್ಳೆ ಅಭಿಪ್ರಾಯ ಇದ್ದವರಿಗೆ ಇಂಥ ಮಾತುಗಳಿಂದ ತುಸು ಲಾಭ ಆಯಿತು, ತಮ್ಮನ್ನು ತಾವೇ ಕಡಿಮೆ ಎಣಿಸುವವರಿಗೆ ಮಾತ್ರ ಇನ್ನಷ್ಟು ಬೇಸರ ಆಯಿತು. ಅಂದರೆ ಯಾರಿಗೆ ಇದು ಜಾಸ್ತಿ ಬೇಕೋ ಅವರಿಗೇ ತಿರುಗುಬಾಣ.

ಈಗ ಚಹಾ ಕುದಿಯುವಾಗ ನಾನು ಹಳೇ ಲೆಕ್ಕದ ಪುಸ್ತಕದಲ್ಲಿ ಒಂದೇ ಸಾಲು ಬರೆದು ಗಟ್ಟಿಯಾಗಿ ಓದುತ್ತೇನೆ. "ಇವತ್ತು ರೈತರು ದರದ ವಿಷಯಕ್ಕೆ ದನಿ ಏರಿಸಿದರೆ, ಮೊದಲು ಅವರದ್ದು ಪೂರ್ತಿ ಕೇಳಿಸಿಕೊಂಡು, ಆಮೇಲೆ ತೂಕದ ಚೀಟಿ ತೋರಿಸುತ್ತೇನೆ." ಇಷ್ಟೇ. ಹೀಗಾದರೆ ಹೀಗೆ ಮಾಡುತ್ತೇನೆ ಅನ್ನುವ ಈ ಬಗೆಯ ಮಾತಿನ ಮೇಲೆ ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಬಹಳ ಕೆಲಸ ಮಾಡಿದ್ದಾರೆ. ಬರೀ ಗುರಿ ಇಟ್ಟುಕೊಳ್ಳುವುದಕ್ಕಿಂತ ಇದು ಹೆಚ್ಚು ಕೈಗೂಡುತ್ತದೆ ಅನ್ನುವುದು ಅವರ ವಾದ. ನನಗಂತೂ ಆ ಗಳಿಗೆ ಬಂದಾಗ ಬೆಳಗಿನ ಸಾಲು ತಾನಾಗಿಯೇ ನೆನಪಾಗುತ್ತದೆ. ಇದರ ಜೊತೆ ಒಳಗಿನ ದನಿಗೆ ಜಗಳ ಇಲ್ಲ, ಯಾಕೆಂದರೆ ಇದರಲ್ಲಿ ಸುಳ್ಳೇ ಇಲ್ಲ.

ವ್ಯಾಯಾಮದಲ್ಲಿ ಎರಡೂ ದಾರಿ ಹೆಚ್ಚುಕಡಿಮೆ ಸಮ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ದಣಿವಿನ ವ್ಯಾಯಾಮ ಹೇಳುತ್ತದೆ. ಅರ್ಧ ತಾಸು ಬಿರಬಿರನೆ ನಡೆದರೆ ಐದು ದಿನಕ್ಕೆ ಆಯಿತು. ಸ್ನಾನಕ್ಕೆ ಮೊದಲು ಮನೆಯಲ್ಲೇ ಸೂರ್ಯನಮಸ್ಕಾರ ಹಾಕಿದರೆ ಮಳೆ ಬಿಸಿಲಿನ ಹಂಗಿಲ್ಲ, ಚಾಪೆ ಹಾಸುವಷ್ಟು ಜಾಗ ಸಾಕು. ಆದರೆ ಬಯಲಿನ ಗಾಳಿ ಸಿಗುವುದಿಲ್ಲ, ಅದಕ್ಕೇ ಭಾನುವಾರ ಭೂತನಾಳ ಕೆರೆ ಕಡೆ ಹೋಗುತ್ತೇನೆ.

ಓದಿನಲ್ಲಿ ರಾತ್ರಿಯೇ ಗೆದ್ದಿತು, ಅದಕ್ಕೆ ಕಾರಣ ನಾನಲ್ಲ, ಅವ್ವ. ಅವಳಿಗೆ ಈಗ ಕಣ್ಣು ಮಂಜು, ಹೀಗಾಗಿ ನಾನು ಗಟ್ಟಿಯಾಗಿ ಓದುತ್ತೇನೆ. ಮೊದಲು ಒಂದೆರಡು ವಚನ, ಆಮೇಲೆ ಯಾರದಾದರೂ ಜೀವನಕಥೆ. ಫ.ಗು. ಹಳಕಟ್ಟಿಯವರು ಇದೇ ಊರಲ್ಲಿ ವಕೀಲಿ ಮಾಡುತ್ತಾ ಓಲೆಗರಿಗಳಲ್ಲಿದ್ದ ವಚನಗಳನ್ನು ಹುಡುಕಿ ಅಚ್ಚು ಹಾಕಿಸಿದವರು, ಇಲ್ಲಿ ಕೂತು ವಚನ ಓದದಿದ್ದರೆ ಹೇಗೆ ಅಲ್ವಾ? ಫೋನು ಒಳಗಿನ ಕೋಣೆಯಲ್ಲಿ ಚಾರ್ಜಿಗೆ ಹಾಕಿರುತ್ತೇನೆ. ದಣಿದು ಬಂದ ದಿನ ಬಿಟ್ಟುಬಿಡೋಣ ಅನ್ನಿಸಿದರೂ "ನಿನ್ನೆ ಎಲ್ಲಿಗೆ ಬಿಟ್ಟಿದ್ದೀಪಾ?" ಅಂತ ಅವಳೇ ಶುರು ಮಾಡಿಸುತ್ತಾಳೆ.

21 ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತದೆ ಅನ್ನುವ ಮಾತನ್ನು ನಂಬಿ ಅವಸರ ಮಾಡಬೇಡಿ. ಲಂಡನ್ನಿನಲ್ಲಿ ಸಂಶೋಧಕಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು ಗಮನಿಸಿದಾಗ ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ಸಾಕು, ಕೆಲವರಿಗೆ 254 ಬೇಕು ಅನ್ನುವಷ್ಟು ಅಂತರ ಇತ್ತು. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟ ಇಲ್ಲ ಅಂತಲೂ ಅವರು ಕಂಡುಕೊಂಡರು. ಬಿಡಿಬಿಡಿಯಾಗಿ ಮಾಡುವವರಿಗೆ ಇದು ದೊಡ್ಡ ಆಸರೆ: ವ್ಯಾಯಾಮ ತಪ್ಪಿದ ದಿನವೂ ರಾತ್ರಿ ಓದು ಇದ್ದೇ ಇರುತ್ತದೆ.

ಪರೀಕ್ಷೆಗೆ ಓದುವ ಹುಡುಗರು, ರಾತ್ರಿ ಹತ್ತಕ್ಕೆ ಮಲಗಲು ಆಗುವವರು, ಮನೆಯಲ್ಲಿ ನೀರು ಹಿಡಿಯುವ ಜವಾಬ್ದಾರಿ ಇಲ್ಲದವರು ಬೆಳಗಿನ ತಾಸನ್ನೇ ಹಿಡಿಯಿರಿ, ಅದರ ಸೊಗಸೇ ಬೇರೆ. ಅಂಗಡಿ, ಹಂಗಾಮು, ಮನೆ ಮಂದಿ ಅಂತ ಇರುವವರಿಗೆ ಮೂರು ಹೊತ್ತೇ ಸರಿ. ನನಗೆ ಇನ್ನು ಸೇರಿಸಬೇಕಾದದ್ದು ಬಲದ ವ್ಯಾಯಾಮ, ವಾರಕ್ಕೆ ಎರಡು ದಿನವಾದರೂ ಬೇಕಂತೆ. ಸಂಜೆ ಅಂಗಡಿಯಿಂದ ಬಂದು ಅಂಗಿ ಬದಲಿಸುವ ಹೊತ್ತಿಗೆ ದಂಡ, ಬಸ್ಕಿ ಗಂಟು ಹಾಕಿ ನೋಡುತ್ತಿದ್ದೇನೆ.