ಅಬಾಟ್ ಐ-ಸ್ಟ್ಯಾಟ್: ಯಂತ್ರ ಸರಿ, ಕಾರ್ಟ್ರಿಡ್ಜ್ ಮಾತ್ರ ಎರಡು ಬೇಕು

ಕುಡಿತದ ಮೇಲೆ ಮಾತ್ರೆಯನ್ನೋ ಪುಡಿಯನ್ನೋ ಸೇರಿಸಿ ಬಿದ್ದವರು ತೀರ್ಥಹಳ್ಳಿ, ಹೊಸನಗರ ಕಡೆಯ ಕ್ಯಾಶುವಾಲ್ಟಿಗೆ ಬಂದಾಗ ರಕ್ತ ಎಷ್ಟು ಆಮ್ಲವಾಗಿದೆ ಎಂಬುದು ಅಲ್ಲೇ ಗೊತ್ತಾಗಬೇಕು. ಶಿವಮೊಗ್ಗದ ಜಿಲ್ಲಾ ಆಸ್ಪತ್ರೆಯಾದ ಮೆಗ್ಗಾನ್ ತೀರ್ಥಹಳ್ಳಿಯಿಂದಲೇ ಸುಮಾರು 60 ಕಿ.ಮೀ. ಅಬಾಟ್ ಕಂಪನಿಯ ಐ-ಸ್ಟ್ಯಾಟ್ ಎಂಬ, ಕೈಯಲ್ಲಿ ಹಿಡಿಯುವ ಈ ರಕ್ತಪರೀಕ್ಷೆ ಯಂತ್ರಕ್ಕೆ 95 ಮೈಕ್ರೋಲೀಟರ್ ರಕ್ತ ಸಾಕು, ಉತ್ತರಕ್ಕೆ ಸುಮಾರು 2 ನಿಮಿಷ. ಅಷ್ಟರಮಟ್ಟಿಗೆ ತಕರಾರಿಲ್ಲ.

ಎಡವುವುದು ಕಾರ್ಟ್ರಿಡ್ಜ್, ಅಂದರೆ ರಕ್ತ ತುಂಬಿ ಯಂತ್ರಕ್ಕೆ ತೂರಿಸುವ ಒಂದೇ ಬಳಕೆಯ ಬಿಲ್ಲೆ, ಆರಿಸುವಾಗ. ಸಿಜಿ4+ ಎಂಬ ಬಗೆ ಒಂದನ್ನೇ ತರಿಸಿದರೆ ಪಿಎಚ್ (ಆಮ್ಲತೆಯ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು), ಕಾರ್ಬನ್ ಡೈಆಕ್ಸೈಡ್, ಆಮ್ಲಜನಕ, ಲ್ಯಾಕ್ಟೇಟ್ (ಆಮ್ಲಜನಕ ಸಾಲದಾಗ ಹೆಚ್ಚುವ ಆಮ್ಲ) ಸಿಗುತ್ತದೆ. 7.4ರ ಆಸುಪಾಸು ಇರಬೇಕಾದ ಪಿಎಚ್ 7.05, ಲ್ಯಾಕ್ಟೇಟ್ ಬರೀ 3 ಬಂತೆನ್ನಿ. ಅಷ್ಟು ಲ್ಯಾಕ್ಟೇಟ್‌ಗೇ ಪಿಎಚ್ ಹೀಗೆ ಕುಸಿಯುವುದಿಲ್ಲ. ಊಟ ಬಿಟ್ಟು ದಿನಗಟ್ಟಲೆ ಕುಡಿದವರಲ್ಲಿ ಕೊಬ್ಬು ಕರಗಿ ಆಗುವ ಆಮ್ಲವಾದ ಕೀಟೋನ್, ಕಳ್ಳಭಟ್ಟಿಗೆ ಮೆಥನಾಲ್ ಬೆರೆತಿದ್ದರೆ ಫಾರ್ಮಿಕ್ ಆಮ್ಲ ಒಳಗಿರಬಹುದು. ಇಂಥ ಅಳೆಯದ ಆಮ್ಲದ ಸುಳಿವು ಕೊಡುವ ಆನಯಾನ್ ಗ್ಯಾಪ್ (ರಕ್ತದ ಲವಣಗಳ ಲೆಕ್ಕದಲ್ಲಿ ಉಳಿಯುವ ವ್ಯತ್ಯಾಸ) ಇರುವುದು ಕೆಮ್8+ ಎಂಬ ಇನ್ನೊಂದು ಕಾರ್ಟ್ರಿಡ್ಜ್‌ನಲ್ಲಿ. ಅದರಲ್ಲಿ ಪಿಎಚ್ ಇಲ್ಲ! ಹಾಗಾಗಿ ಎರಡೂ ಬೇಕು. ಯಂತ್ರ ಪೊಟ್ಯಾಸಿಯಂ ಸೇರಿಸಿ ಲೆಕ್ಕ ಹಾಕುವುದರಿಂದ ಈ ಗ್ಯಾಪ್‌ನ ಸಾಮಾನ್ಯ ಮಟ್ಟ 10ರಿಂದ 20. ಪೊಟ್ಯಾಸಿಯಂ ಬಿಟ್ಟು ಲೆಕ್ಕ ಹಾಕುವ ಪುಸ್ತಕದ 12 ನೆನಪಿಟ್ಟು ನೋಡಿದರೆ ಗಟ್ಟಿಮುಟ್ಟಾದವರೂ ರೋಗಿಗಳೇ. ಮೂತ್ರದ ಕೀಟೋನ್ ಪಟ್ಟಿಯನ್ನೂ ಪೂರ್ತಿ ನಂಬಬೇಡಿ, ಕುಡಿತದಲ್ಲಿ ಹೆಚ್ಚಾಗುವ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಎಂಬ ಕೀಟೋನ್ ಅದಕ್ಕೆ ಕಾಣುವುದೇ ಇಲ್ಲ.

ಸಿಜಿ4+ ನಿಜವಾಗಿ ಬೆಲೆ ತೀರಿಸುವುದು ಮಿಶ್ರ ನಶೆಯಲ್ಲಿ. ಆಮ್ಲ ಹೆಚ್ಚಿದಾಗ ದೇಹ ಜೋರಾಗಿ ಉಸಿರಾಡಿ ಕಾರ್ಬನ್ ಡೈಆಕ್ಸೈಡ್ ಹೊರಹಾಕುತ್ತದೆ. ಅದು ಎಷ್ಟಕ್ಕೆ ಇಳಿದಿರಬೇಕು ಎಂದು ತಿಳಿಯಲು, ಇದೇ ಕಾರ್ಟ್ರಿಡ್ಜ್ ಲೆಕ್ಕ ಹಾಕಿ ಕೊಡುವ ಬೈಕಾರ್ಬನೇಟನ್ನು (ಆಮ್ಲವನ್ನು ತಣಿಸುವ ಕ್ಷಾರ) 1.5ರಿಂದ ಗುಣಿಸಿ 8 ಕೂಡಿಸಿ. ಬೈಕಾರ್ಬನೇಟ್ 8 ಇದ್ದರೆ ಕಾರ್ಬನ್ ಡೈಆಕ್ಸೈಡ್ 20ರ ಆಸುಪಾಸಿಗೆ ಇಳಿದಿರಬೇಕು. 35 ಎಂದು ತೋರಿಸಿದರೆ ಉಸಿರು ಸೋಲುತ್ತಿದೆ, ನಿದ್ದೆ ಮಾತ್ರೆಯನ್ನೋ ಅಫೀಮಿನ ಜಾತಿಯದನ್ನೋ ಅನುಮಾನಿಸಿ. ಮೊದಲು ಉಸಿರಾಟ, ಆಮೇಲೆ ಬೈಕಾರ್ಬನೇಟ್ ಸೀಸೆ.

ಸಿರಿಂಜಿನಲ್ಲಿ, ರಕ್ತ ಹೆಪ್ಪುಗಟ್ಟದಂತೆ ಹಾಕುವ ಹೆಪಾರಿನ್ ದ್ರವ ಉಳಿದರೆ ರಕ್ತ ತೆಳುವಾಗಿ ಬೈಕಾರ್ಬನೇಟ್ ಸುಳ್ಳೇ ಇಳಿಯುತ್ತದೆ; ಒಳಗೋಡೆ ಸವರಿ ಉಳಿದದ್ದನ್ನು ಚೆಲ್ಲಿ. ಲ್ಯಾಕ್ಟೇಟ್‌ಗಾದರೆ ರಕ್ತ ಎಳೆದ ಕೂಡಲೇ ಹಾಕಿ, ಸಿರಿಂಜಿನೊಳಗೂ ರಕ್ತಕಣ ಅದನ್ನು ತಯಾರಿಸುತ್ತಲೇ ಇರುತ್ತದೆ.

ಕಾರ್ಟ್ರಿಡ್ಜ್ ಇಡುವುದು 2ರಿಂದ 8 ಡಿಗ್ರಿಯಲ್ಲಿ. ಬಿಡಿ ಪೊಟ್ಟಣವಾದರೆ ಹೊರತೆಗೆದ 5 ನಿಮಿಷಕ್ಕೆ ಬಳಸಬಹುದು. ಹೊರಗೆ ಬೆಚ್ಚಗಾದದ್ದನ್ನು ಮತ್ತೆ ಫ್ರಿಜ್ಜಿಗೆ ಹಾಕುವಂತಿಲ್ಲ, ಮಳೆಗಾಲದಲ್ಲಿ ಕರೆಂಟು ಹೋದ ರಾತ್ರಿಗಳಲ್ಲಿ ಇದೇ ತಲೆನೋವು. ಯಂತ್ರಕ್ಕೆ ಬೇಕಾದ್ದು 16ರಿಂದ 30 ಡಿಗ್ರಿ. ಡಿಸೆಂಬರ್ ಬೆಳಗಿನ ಜಾವ ಆಂಬುಲೆನ್ಸಿನಲ್ಲಿ ಬಿಟ್ಟಿದ್ದರೆ ಪರೀಕ್ಷೆಯನ್ನೇ ಮಾಡುವುದಿಲ್ಲ, ವಾರ್ಡಿನೊಳಗೇ ಇಡಿ.